ಚಂಡಮಾರುತಕ್ಕ ಒಂದಾಗೋ ದೇಶಗಳು ಹೊಳಿ ನೀರಿನ ಲೆಕ್ಕ ಕೊಡಾಕ ಯಾಕ ಹಿಂದ ಸರೀತಾವ?

ಕೃಷ್ಣಾ_ದಂಡಿ:

ಎಲ್ಲಾರಿಗೂ ನಮಸ್ಕಾರ್ರಿ. ಒಂದು ಡೌಟ್ ಐತಿ, ಗೊತ್ತಿದ್ದವ್ರು ಬಿಡಿಸಿ ಹೇಳ್ರಿ. 2024ರ ಮೇ ತಿಂಗಳದಾಗ ರೆಮಲ್ ಚಂಡಮಾರುತ ಬಾಂಗ್ಲಾದೇಶಕ್ಕ ಬಡೀತು. ಆವಾಗ ದಿಲ್ಲಿ ಹವಾಮಾನ ಇಲಾಖೆಯವ್ರು ಮೂರು ತಾಸಿಗೊಮ್ಮೆ ಬುಲೆಟಿನ್ ಕಳಸ್ತಿದ್ರು, ಢಾಕಾದವ್ರೂ ಅದನ್ನ ನೋಡ್ಕೋತ ತಮ್ಮ ಮಂದೀನ್ನ ಶೆಲ್ಟರಿಗೆ ಸಾಗಿಸಿದ್ರು, ಯಾರೂ ತಕರಾರು ತೆಗೀಲಿಲ್ಲ. ಅದಾದ ಮೂರ ತಿಂಗಳಿಗೆ, ಆಗಸ್ಟ್‌ನಾಗ, ಫೆನಿ ಕುಮಿಲ್ಲಾ ಕಡೆ ನೆರಿ ಬಂತು ನೋಡ್ರಿ, ತ್ರಿಪುರಾದ ಡುಂಬೂರ್ ಡ್ಯಾಮಿನ ಗೇಟ್ ಇಂಡಿಯಾದವ್ರು ಹೇಳದ ಕೇಳದ ತೆಗದಾರ ಅಂತ ಅಲ್ಲಿ ಹುಡುಗರೆಲ್ಲಾ ರಸ್ತೆಗೆ ಇಳದ್ರು, ಇಲ್ಲಿಂದ ನಮ್ಮ ವಿದೇಶಾಂಗ ಇಲಾಖೆ ಹಂಗೇನಿಲ್ಲ ಅಂತ ಪತ್ರ ಹೊರಡಿಸ್ತು.

ಅವ ಎರಡು ದೇಶ, ಅದ ವರ್ಷ. ಗಾಳಿ ಸುದ್ದಿ ಕೊಡಾಕ ಬರ್ತೈತಿ, ನೀರಿನ ಸುದ್ದಿ ಕೊಡಾಕ ಯಾಕ ಬರಂಗಿಲ್ಲ? ಎರಡೂ ಮಳಿಯಿಂದನ ಅಲ್ಲೇನ್ರಿ ಆಗೋದು? ರಾಜಕೀಯ ಅಂತ ಒಂದ ಮಾತಿನ್ಯಾಗ ಮುಗಸಬ್ಯಾಡ್ರಿ, ಒಳಗ ಕೆಲಸ ಹೆಂಗ ನಡೀತೈತಿ ಅಂತ ತಿಳಕೋಬೇಕಾಗೇತಿ.

ಗೇಜ್_ಪೋಸ್ಟ್:

ಡುಂಬೂರ್‌ನಿಂದಲೇ ಶುರು ಮಾಡ್ತೀನಿ, ಅದ್ರಲ್ಲೇ ಅರ್ಧ ಉತ್ತರ ಇದೆ. ಡುಂಬೂರ್ ಡ್ಯಾಮ್ ಇರೋದು ಗೋಮತಿ ನದಿ ಮೇಲೆ, ಬಾಂಗ್ಲಾದಲ್ಲಿ ಅದನ್ನ ಗುಮ್ತಿ ಅಂತಾರೆ, ಅದು ಹೋಗೋದು ಕುಮಿಲ್ಲಾಕ್ಕೆ. ಫೆನಿ ಜಿಲ್ಲೆ ಮುಳುಗಿದ್ದು ಮುಖ್ಯವಾಗಿ ಮುಹುರಿ ಮತ್ತೆ ಅದ್ರ ಪಕ್ಕದ ನದಿಗಳಿಂದ, ಅವುಗಳ ಜಲಾನಯನವೇ ಬೇರೆ, ಆ ಡ್ಯಾಮಿಗೂ ಅವಕ್ಕೂ ಸಂಬಂಧ ಇಲ್ಲ. ಡ್ಯಾಮು ಅಂದ್ರೂ ನಮ್ಮ ಕೆಆರ್‌ಎಸ್ ಥರ ಅಂದ್ಕೋಬೇಡಿ, ಸುಮಾರು 30 ಮೀಟರ್ ಎತ್ತರದ್ದು, ಗಡಿಯಿಂದ 120 ಕಿಲೋಮೀಟರಿಗೂ ಹೆಚ್ಚು ಮೇಲೆ. ಡ್ಯಾಮಿಂದ ಗಡಿವರೆಗಿನ ಅಷ್ಟೂ ಜಾಗದಲ್ಲಿ, ಗಡಿ ಆಚೆನೂ, ಜೋರು ಮಳೆ ಬಿತ್ತು, ಆ ನೀರಿಗೆ ಯಾವ ಗೇಟೂ ಇರ್ಲಿಲ್ಲ.

ಆದ್ರೆ ನೀವು ಹೇಳಿದ ವಿದೇಶಾಂಗ ಇಲಾಖೆ ಪತ್ರದಲ್ಲೇ ಇನ್ನೊಂದು ಸಾಲಿತ್ತು, ಅದನ್ನ ಯಾರೂ ಗಮನಿಸ್ಲಿಲ್ಲ. ಅಮರ್‌ಪುರ ಅನ್ನೋ ಕಡೆ ಒಂದು ಗೇಜ್ ಸ್ಟೇಷನ್ ಇದೆ, ಎರಡು ದೇಶದ ಒಪ್ಪಂದದ ಪ್ರಕಾರ ಅಲ್ಲಿಂದ ನೀರಿನ ಮಟ್ಟ ನೇರ ಬಾಂಗ್ಲಾಕ್ಕೆ ಹೋಗ್ಬೇಕು. ಆಗಸ್ಟ್ 21ರ ಮಧ್ಯಾಹ್ನ 3 ಗಂಟೆವರೆಗೂ ಮಟ್ಟ ಏರ್ತಿದೆ ಅನ್ನೋ ಲೆಕ್ಕ ಹೋಗಿದೆ, ಸಂಜೆ 6ಕ್ಕೆ ಪ್ರವಾಹದಿಂದ ಕರೆಂಟ್ ಹೋಗಿ ಸಂಪರ್ಕಕ್ಕೆ ತೊಂದರೆ ಆಗಿದೆ. ಅಂದ್ರೆ ಯಾವ ರಾತ್ರಿಗೋಸ್ಕರ ಆ ಸ್ಟೇಷನ್ ಇಟ್ಟಿದ್ರೋ ಆ ರಾತ್ರಿಯೇ ಅದು ಕೈಕೊಟ್ಟಿತು. ನನ್ನ ಕೇಳಿದ್ರೆ ಗೇಟ್ ತೆಗೆದ್ರೋ ಇಲ್ವೋ ಅನ್ನೋ ಜಗಳಕ್ಕಿಂತ ಇದು ದೊಡ್ಡ ವಿಷ್ಯ, ಯಾಕಂದ್ರೆ ಎರಡು ಕಡೆಯವ್ರೂ ಒಪ್ಪಿ ಸರಿಮಾಡಬಹುದಾದದ್ದು ಇದೊಂದೇ. ಬ್ಯಾಟರಿ, ಸೋಲಾರ್, ಉಪಗ್ರಹ ಫೋನು, ಒಂದು ನದಿಗೆ ಎರಡು ಮೂರು ಸ್ಟೇಷನ್ನು. ಇದಕ್ಕೆ ಪ್ರಧಾನಿಗಳು ಭೇಟಿ ಆಗ್ಬೇಕಾಗಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ. ಹವಾಮಾನದವರು ಹಂಚಿಕೊಳ್ಳೋದು ದೊಡ್ಡ ಮನಸ್ಸಿಂದ ಅಲ್ಲ, ಹಂಚದೆ ಅವರ ಕೆಲಸವೇ ನಡೆಯಲ್ಲ. ಜಗತ್ತಿನಾದ್ಯಂತ ಒಂದೇ ಹೊತ್ತಿಗೆ, ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಐದೂವರೆ ಮತ್ತೆ ಸಂಜೆ ಐದೂವರೆಗೆ, ಬಲೂನ್ ಹಾರಿಸ್ತಾರೆ. ಮೇಲಿನ ಗಾಳಿ, ಉಷ್ಣತೆ, ತೇವ ಎಲ್ಲ ಅಳೆದು ಒಂದೇ ಜಾಲಕ್ಕೆ ಹಾಕ್ತಾರೆ. ಕರಾಚಿ ಲೆಕ್ಕ ಇಲ್ದೆ ಹವಾಮಾನ ಲೆಕ್ಕ ಹಾಕೋ ದಿಲ್ಲಿಯ ಕಂಪ್ಯೂಟರ್ ಮಾದರಿ ಸರಿಯಾಗಿ ಓಡಲ್ಲ, ದಿಲ್ಲಿ ಲೆಕ್ಕ ಇಲ್ದೆ ಯುರೋಪಿಂದೂ ಸರಿಯಾಗಿ ಓಡಲ್ಲ. 1995ರಲ್ಲಿ ವಿಶ್ವ ಹವಾಮಾನ ಸಂಸ್ಥೆಯವರು 40ನೇ ನಿರ್ಣಯ ಅಂತ ಮಾಡಿ ಮುಖ್ಯ ಹವಾಮಾನ ದತ್ತಾಂಶ ಎಲ್ಲರಿಗೂ ಪುಕ್ಕಟೆ, ನಿರ್ಬಂಧ ಇಲ್ದೆ ಅಂತ ಬರೆದ್ರು. ನಾಲ್ಕು ವರ್ಷ ಬಿಟ್ಟು ನದಿಗಳಿಗೂ 25ನೇ ನಿರ್ಣಯ ಬಂತು, ಅದ್ರ ಧಾಟಿ ಮೆತ್ತಗಿತ್ತು, ಕೊಟ್ರೆ ಒಳ್ಳೇದು ಅನ್ನೋ ಥರ (2021ರಲ್ಲಿ ಎರಡರ ಜಾಗಕ್ಕೂ ಒಂದೇ ಹೊಸ ನೀತಿ ಬಂತು). ಅದೇ ಸಂಸ್ಥೆ, ಅದೇ ಸದಸ್ಯ ದೇಶಗಳು.

ಯಾಕೆ ಮೆತ್ತಗೆ ಅಂದ್ರೆ, ಮೋಡದ ಮೇಲೆ ಯಾರೂ ಕೇಸ್ ಹಾಕಲ್ಲ. ನದಿ ನೀರಿನ ಅಂಕಿ ಅಣ್ಣತಮ್ಮಂದಿರ ಪಾಲಿನ ಕೇಸಲ್ಲಿ ಪಹಣಿ ಇದ್ದ ಹಾಗೆ, ಇವತ್ತು ಪ್ರವಾಹಕ್ಕೆ ಅಂತ ಕೊಟ್ಟಿದ್ದನ್ನ ನಾಳೆ ಬೇಸಿಗೆಲಿ ಇಷ್ಟು ನೀರು ನೀನು ತಿರುಗಿಸ್ಕೊಂಡೆ ಅಂತ ನಿನ್ನ ಮುಂದೇನೇ ಹಿಡೀತಾರೆ. ಹಾಗಾಗಿ ಭಾರತದಲ್ಲಿ ಸಿಂಧೂ, ಗಂಗಾ, ಬ್ರಹ್ಮಪುತ್ರಾ ಕೊಳ್ಳದ ಹರಿವಿನ ಲೆಕ್ಕ ಗೋಪ್ಯ ದತ್ತಾಂಶದ ಪಟ್ಟಿಲಿದೆ. ಕೃಷ್ಣಾ, ಕಾವೇರಿದು ವಿದ್ಯಾರ್ಥಿ ಕೂಡ ಇಳಿಸ್ಕೋಬಹುದು, ಗಂಗಾದ್ದಕ್ಕೆ ಅರ್ಜಿ ಹಾಕಿ ಮುಚ್ಚಳಿಕೆ ಬರ್ಕೊಡ್ಬೇಕು. ಮಳೆಗಾಲದಲ್ಲಿ ಬಾಂಗ್ಲಾಕ್ಕೆ ಏನೂ ಹೋಗಲ್ಲ ಅಂತಲ್ಲ, ಫರಕ್ಕಾ, ಧುಬ್ರಿ, ಗೋಲ್‌ಪಾರಾ, ಸಿಲ್ಚರ್ ಥರದ ಸ್ಟೇಷನ್‌ಗಳ ಮಟ್ಟ ಪುಕ್ಕಟೆ ಹೋಗುತ್ತೆ, ಎಷ್ಟೋ ವರ್ಷದಿಂದ. ಆದ್ರೆ ಅದು ಆಯ್ದ ಸ್ಟೇಷನ್ನು, ಆಯ್ದ ತಿಂಗಳು. ಎರಡು ದೇಶ ಹಂಚ್ಕೊಳ್ಳೋ ನದಿ 54.

ಗಲ್ಫ್_ಕುಂದಾಪ್ರ:

ಚಂಡಮಾರುತದ ಕಡೆ ಹೇಗೆ ನಡೀತದೆ ಅಂತ ನಾನು ಹೇಳ್ತೇನೆ, ಮಸ್ಕತ್‌ನಲ್ಲಿ ಇರೋದು. 2021ರ ಸೆಪ್ಟೆಂಬರ್ ಕೊನೆಗೆ ಗುಲಾಬ್ ಅಂತ ಒಂದು ಬಂಗಾಳ ಕೊಲ್ಲಿಯಲ್ಲಿ ಎದ್ದು ಕಳಿಂಗಪಟ್ಣದ ಹತ್ರ ನೆಲ ಹತ್ತಿತ್ತಲ್ಲ, ಊರಿನವರು ಮುಗೀತು ಅಂದ್ಕೊಂಡ್ರು. ಅದರ ಉಳಿಕೆ ಇಡೀ ದೇಶ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು ಮತ್ತೆ ಜೀವ ಹಿಡ್ಕೊಂಡು ಶಾಹೀನ್ ಅಂತ ಹೊಸ ಹೆಸರಲ್ಲಿ ಅಕ್ಟೋಬರ್ 3ಕ್ಕೆ ಒಮಾನಿಗೆ ಬಂತು ಮಾರಾಯ್ರೆ! ಗುಲಾಬ್ ಹೆಸರು ಕೊಟ್ಟದ್ದು ಪಾಕಿಸ್ತಾನ, ಶಾಹೀನ್ ಕತಾರ್, ಹೆಸರು ಇಟ್ಟು ಬುಲೆಟಿನ್ ಹೊರಡಿಸಿದ್ದು ದಿಲ್ಲಿ, ಊರು ಖಾಲಿ ಮಾಡ್ಸಿದ್ದು ಒಮಾನಿನವರು. ಬಾತಿನಾ ಕರಾವಳಿಯ ಸುವೈಕ್, ಖಾಬೂರಾ ಕಡೆ ತುಂಬಾ ಹಾಳಾಯ್ತು, ಆದ್ರೂ ಚಂಡಮಾರುತ ಎಲ್ಲಿಗೆ, ಯಾವಾಗ ಬರ್ತದೆ ಅಂತ ಮೊದಲೇ ಗೊತ್ತಿತ್ತು, ಸರ್ಕಾರ ರಜೆ ಕೊಟ್ಟಿತ್ತು, ವಿಮಾನ ಮುಂದೆ ಹಾಕಿದ್ರು.

ದಿಲ್ಲಿಗೆ ಆ ಕೆಲಸ ಸುಮ್ನೆ ಸಿಕ್ಕಿದ್ದಲ್ಲ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತದಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಮೂರರಿಂದ ಐದು ಲಕ್ಷ ಜನ ಹೋದ್ರು ಅಂತಾರೆ, ಅದಾದ ಮೇಲೆ 1972ರಲ್ಲಿ ಈ ಕಡೆಯ ದೇಶಗಳದ್ದೊಂದು ಪ್ಯಾನೆಲ್ ಆಯ್ತು. ಈಗ 13 ದೇಶ ಉಂಟು ಅದ್ರಲ್ಲಿ. ಇರಾನೂ ಸೌದಿಯೂ, ಭಾರತವೂ ಪಾಕಿಸ್ತಾನವೂ, ಯೆಮೆನ್ ಕೂಡ. ಒಬ್ಬೊಬ್ಬರು 13 ಹೆಸರು ಕೊಟ್ಟು 169ರ ಪಟ್ಟಿ 2020ರಲ್ಲಿ ಮಾಡಿದ್ದು. ಜನಕ್ಕೆ ಹೆಸರು ಮಾತ್ರ ಕಾಣ್ತದೆ, ಅಸಲು ಕೆಲಸ ಒಳಗೆ ಬೇರೆ. ಸಮುದ್ರ ಎಷ್ಟು ಉಕ್ಕಿ ಬರ್ತದೆ ಅಂತ ಲೆಕ್ಕ ಹಾಕೋ ಐಐಟಿ ದಿಲ್ಲಿಯ ಮಾದರಿಯನ್ನ ಪ್ಯಾನೆಲ್ ದೇಶಗಳಿಗೆಲ್ಲ ಕೊಟ್ಟಿದ್ದಾರೆ, ಮುನ್ಸೂಚಕರು ದಿಲ್ಲಿಗೆ ಬಂದು ಒಟ್ಟಿಗೆ ಕೂತು ತರಬೇತಿ ಮಾಡ್ತಾರೆ. ಮುಖ ಪರಿಚಯ ಇದ್ದರೆ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುತ್ತಾರೆ, ಅಷ್ಟೇ ವಿಷಯ. ಬಾಂಗ್ಲಾದ ಲೆಕ್ಕ ನೋಡಿ, 1991ರಲ್ಲಿ ಸುಮಾರು 1.38 ಲಕ್ಷ ಜನ ಸತ್ತದ್ದು, 2007ರ ಸಿಡ್ರ್‌ನಲ್ಲಿ ಮೂರು ಸಾವಿರದ ಮೇಲೆ, 2020ರ ಅಂಫಾನ್‌ನಲ್ಲಿ ನೂರರ ಒಳಗೆ. ಅವರ ಶೆಲ್ಟರು, ಸ್ವಯಂಸೇವಕರದ್ದೇ ದೊಡ್ಡ ಪಾಲು, ಆದ್ರೆ ಮುನ್ಸೂಚನೆ ಇಲ್ಲದೆ ಶೆಲ್ಟರಿಗೆ ಯಾವಾಗ ಓಡೋದು?

ಒಂದು ಮಾತು ಮಾತ್ರ ಇಲ್ಲಿಯದ್ದೇ ಹೇಳ್ಬೇಕು. ಚಂಡಮಾರುತ ನಾಲ್ಕು ದಿನ ಮುಂಚೆ ಕಾಣ್ತದೆ, ವಾದಿಯಲ್ಲಿ (ಮಳೆ ಬಂದಾಗ ಮಾತ್ರ ಹರಿಯೋ ಇಲ್ಲಿಯ ಒಣ ಹಳ್ಳ) ಬರೋ ನೀರು ಕಾಣೋದಿಲ್ಲ. 2024ರ ಏಪ್ರಿಲ್‌ನಲ್ಲಿ ಚಂಡಮಾರುತವೂ ಇಲ್ಲ ಎಂತದೂ ಇಲ್ಲ, ಒಳನಾಡಲ್ಲಿ ಏಕಾಏಕಿ ಬಂದ ನೀರಿಗೆ ಶಾಲೆ ಮಕ್ಕಳು ತೀರಿಹೋದ್ರು. ಅದಕ್ಕೆ ಯಾವ ಪ್ಯಾನೆಲ್ಲೂ ಹೆಸರಿಡೋದಿಲ್ಲ.

ಕೋಡ್_ಕೆಂಪಣ್ಣ:

ಇಷ್ಟೆಲ್ಲ ಒಪ್ಪಂದ ಗಿಪ್ಪಂದ ಯಾಕ್ ಗುರೂ? ಸ್ಯಾಟಲೈಟ್ ಇದೆ, ಎಐ ಇದೆ, ಗೂಗಲ್‌ನವ್ರು 2018ರಲ್ಲೇ ಪಟ್ನಾದಲ್ಲಿ ಫ್ಲಡ್ ಅಲರ್ಟ್ ಶುರು ಮಾಡಿದ್ರು, ಈಗ ಎಷ್ಟೊಂದು ದೇಶಕ್ಕೆ ಕೊಡ್ತಾರೆ. ಪಕ್ಕದ ದೇಶದವ್ರು ಡೇಟಾ ಕೊಟ್ರೆಷ್ಟು ಬಿಟ್ರೆಷ್ಟು. ಸರ್ಕಾರಿ ಫೈಲ್ ಮೂವ್ ಆಗೋಷ್ಟ್ರಲ್ಲಿ ನೀರು ಸಮುದ್ರ ಸೇರಿರುತ್ತೆ.

ಗೇಜ್_ಪೋಸ್ಟ್:

ಕೆಂಪಣ್ಣ, ನಿಮ್ಮ ಮಾತಲ್ಲಿ ಮುಕ್ಕಾಲು ಪಾಲು ಸರಿ ಇದೆ, ಬಾಂಗ್ಲಾದವ್ರು ಆ ದಾರಿನ ನಿಮಗಿಂತ ಮೊದಲೇ ಹಿಡಿದವ್ರು. ಗಂಗಾ, ಬ್ರಹ್ಮಪುತ್ರಾ, ಮೇಘನಾ ಮೂರರ ಜಲಾನಯನದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅವರ ದೇಶದ ಹೊರಗಿದೆ, ಮೇಲಿಂದ ಸಾಕಷ್ಟು ಲೆಕ್ಕ ಬರ್ತಿರ್ಲಿಲ್ಲ. ಢಾಕಾದ ಪ್ರವಾಹ ಮುನ್ಸೂಚನಾ ಕೇಂದ್ರ ಎರಡು ಮೂರು ದಿನದ ಮುಂಚೆ ಮಾತ್ರ ಹೇಳೋಕಾಗ್ತಿತ್ತು. 1998ರ ಮಹಾಪ್ರವಾಹ ಆದ್ಮೇಲೆ ಅಮೆರಿಕದ ಜಾರ್ಜಿಯಾ ಟೆಕ್‌ನ ಪೀಟರ್ ವೆಬ್‌ಸ್ಟರ್ ಅನ್ನೋ ವಿಜ್ಞಾನಿ ತಂಡ, ಮೇಲಿನ ದೇಶದ ಲೆಕ್ಕವೇ ಇಲ್ಲ ಅಂತ ಇಟ್ಕೊಂಡು, ಉಪಗ್ರಹದ ಮಳೆ ಲೆಕ್ಕ ಮತ್ತೆ ಯುರೋಪಿನ ಹವಾಮಾನ ಕೇಂದ್ರದ ಮುನ್ಸೂಚನೆ ಹಾಕಿ ಹತ್ತು ದಿನದ ಅಂದಾಜು ಕೊಡೋ ವ್ಯವಸ್ಥೆ ಕಟ್ಟಿದ್ರು. 2007, 2008ರ ಬ್ರಹ್ಮಪುತ್ರಾ ಪ್ರವಾಹದಲ್ಲಿ ಅದು ಕೆಲಸ ಮಾಡ್ತು, ರೈತರು ಬೆಳೆ ಕೊಯ್ದು ದನ ಸಾಗಿಸ್ಕೊಂಡ್ರು. ಆಮೇಲೆ ಉಪಗ್ರಹದಿಂದಲೇ ನದಿ ಮಟ್ಟ ಅಳೆಯೋ ಪದ್ಧತಿನೂ ಬಂತು.

ಉಳಿದ ಕಾಲು ಭಾಗದಲ್ಲೇ ಜನ ಸಾಯೋದು. ಜೇಸನ್ ಥರದ ಉಪಗ್ರಹ ಅದೇ ಜಾಗದ ಮೇಲೆ ಮತ್ತೆ ಬರೋದು ಹತ್ತು ದಿನಕ್ಕೊಮ್ಮೆ. ಬ್ರಹ್ಮಪುತ್ರಾದಂಥ ದೈತ್ಯ ನದಿಗೆ ನಡೆಯುತ್ತೆ, ತ್ರಿಪುರಾ ಗುಡ್ಡದಿಂದ ಕೆಲವೇ ಗಂಟೇಲಿ ಇಳಿಯೋ ಮುಹುರಿಗೆ ನಡೆಯಲ್ಲ. ಇನ್ನೊಂದು, ಬ್ಯಾರೇಜಿನ ಗೇಟ್ ಆಪರೇಟರ್ ಇವತ್ತು ರಾತ್ರಿ ಏನು ಮಾಡ್ತಾನೆ ಅಂತ ಯಾವ ಉಪಗ್ರಹಕ್ಕೂ ಗೊತ್ತಾಗಲ್ಲ. ಅದನ್ನ ಅವನೇ ಹೇಳ್ಬೇಕು, ಹೇಳೋಕೆ ಅವನಿಗೆ ಅನುಮತಿ ಇರ್ಬೇಕು. ಗೂಗಲ್ ಮಾದರಿನೂ ಗೇಜ್ ಲೆಕ್ಕ ನೋಡಿಯೇ ಕಲಿಯೋದು ಅನ್ನೋದನ್ನ ಮರೀಬೇಡಿ.

ಆ ಸಣ್ಣ ನದಿಗಳಿಗಾಗಿಯೇ 2020ರ ಅಕ್ಟೋಬರ್‌ನಲ್ಲಿ ದಕ್ಷಿಣ ಏಷ್ಯಾದ ದಿಢೀರ್ ಪ್ರವಾಹ ಮಾರ್ಗದರ್ಶನ ವ್ಯವಸ್ಥೆ ಅಂತ ಶುರುವಾಯ್ತು. ದಿಲ್ಲಿ ಕೇಂದ್ರ, ಭಾರತ, ಬಾಂಗ್ಲಾ, ಭೂತಾನ್, ನೇಪಾಳ, ಶ್ರೀಲಂಕಾ ಐದೂ ಸೇರಿ. ನಾಲ್ಕು ಕಿಲೋಮೀಟರ್ ಚೌಕದ ಮಟ್ಟಿಗೆ ಸಣ್ಣಸಣ್ಣ ಜಲಾನಯನ ಹಿಡಿದು, ಮಣ್ಣು ಈಗಾಗ್ಲೇ ಎಷ್ಟು ನೀರು ಕುಡಿದಿದೆ, ಇನ್ನೆಷ್ಟು ಮಳೆ ಬಿದ್ರೆ ಹಳ್ಳ ಉಕ್ಕುತ್ತೆ ಅಂತ ಲೆಕ್ಕ ಹಾಕಿ ಆರು ಗಂಟೆ ಮುಂಚೆ ಅಪಾಯ, 24 ಗಂಟೆ ಮುಂಚೆ ಸಂಭವ ಹೇಳ್ತಾರೆ. ಇದ್ರಲ್ಲಿ ಬುದ್ಧಿವಂತಿಕೆ ಏನಪ್ಪಾ ಅಂದ್ರೆ, ಮಳೆ ಮತ್ತೆ ಮಣ್ಣಿನ ಲೆಕ್ಕದಲ್ಲೇ ಕೆಲಸ ಮುಗಿಯುತ್ತೆ, ಯಾವ ದೇಶವೂ ತನ್ನ ನದಿ ಹರಿವಿನ ಅಂಕಿ ಬಿಟ್ಟುಕೊಡ್ಬೇಕಾಗಿಲ್ಲ. ಜಗಳಕ್ಕೆ ಸಾಕ್ಷಿ ಆಗೋ ಅಂಕಿನ ಪಕ್ಕಕ್ಕಿಟ್ಟರೆ ಐದು ದೇಶ ಒಂದೇ ಮೇಜಿಗೆ ಬರ್ತಾವೆ, ನಾನು ಮೊದಲು ಹೇಳಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಕೃಷ್ಣಾ_ದಂಡಿ:

ಗೇಜ್ ಸರ, ಪಹಣಿ ಮಾತು ಭಾಳ ಖರೆ ಬಿಡ್ರಿ. ದೇಶದೇಶದ ಮಾತು ಒತ್ತಟ್ಟಿಗಿರ್ಲಿ, ನಮ್ಮ ಮಹಾರಾಷ್ಟ್ರ-ಕರ್ನಾಟಕದಾಗ ಏನ್ ಕಮ್ಮಿ ಐತಿ? 2019ರ ಆಗಸ್ಟ್‌ನಾಗ ಸಾಂಗಲಿ ಇರ್ವಿನ್ ಪುಲ್ಲಿನ ಹತ್ರ ನೀರು 57 ಅಡಿ ದಾಟಿತ್ತು, ಅಲ್ಲಿ ಅಪಾಯದ ಮಟ್ಟ ಇರೋದ 45. ಅವ್ರು ಆಲಮಟ್ಟಿ ತುಂಬಿಸಿದ್ದಕ್ಕ ನಾವು ಮುಳಗಿದ್ವಿ ಅಂದ್ರು, ನಮ್ಮವ್ರು ಕೊಯ್ನಾ ಒಮ್ಮೆಲೆ ಬಿಟ್ಟಿದ್ದಕ್ಕ ನಾವು ಮುಳಗಿದ್ವಿ ಅಂದ್ರು. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್ ಮ್ಯಾಲೆ ಬಿಟ್ಟಿದ್ರು ಆವಾಗ. ಕಡೀಕ ಮಹಾರಾಷ್ಟ್ರ ಸರ್ಕಾರ ತಾನ ನೇಮಿಸಿದ ವಡ್ನೇರೆ ಸಮಿತಿನ ಆಲಮಟ್ಟಿ ಕಾರಣ ಅಲ್ಲ ಅಂತ ಬರಕೊಟ್ಟಿತು, ಆದ್ರ ಬೈಗುಳ ಇನ್ನೂ ನಿಂತಿಲ್ಲ. ಈಗ ಜುಲೈ ಬಂತಂದ್ರ ನಮ್ಮೂರ ಹುಡುಗರು ಮೊಬೈಲ್‌ನ್ಯಾಗ ಇರ್ವಿನ್ ಪುಲ್ಲಿನ ಮಟ್ಟ ನೋಡ್ಕೋತ ಕುಂದರ್ತಾರ, ಅಷ್ಟರ ಮಟ್ಟಿಗೆ ಸುಧಾರಿಸೇತಿ. ಗಂಗಾ ಕಡೆ ಮಂದಿಗೆ ಅದೂ ಇಲ್ಲೇನು ಹಂಗಾರ? ಮತ್ತ ಚೀನಾ, ನೇಪಾಳದ್ದು ಏನ್ ಕತಿ?

ಬೆಟ್ಟದ_ಹುಡುಗಿ:

ಚೀನಾ ನೇಪಾಳದ್ದು ನಾನು ಹೇಳ್ತೀನಿ, ನನ್ನ ಓದು ಆ ಕಡೆಯದ್ದೇ. ಬ್ರಹ್ಮಪುತ್ರಾ ಲೆಕ್ಕ ಕೊಡೋಕೆ ಚೀನಾ 2002ರಲ್ಲಿ ಒಪ್ಪಿತ್ತು, ಟಿಬೆಟ್‌ನ ಮೂರು ಸ್ಟೇಷನ್, ಮಳೆಗಾಲದಲ್ಲಿ ಮಾತ್ರ. 2017ರಲ್ಲಿ ಎರಡು ದೇಶದ ನಡುವೆ ಡೋಕ್ಲಾಮ್ ಗಡಿ ಗಲಾಟೆ ಆದ ವರ್ಷ ಲೆಕ್ಕ ಬರ್ಲೇ ಇಲ್ಲ, ಸ್ಟೇಷನ್ ರಿಪೇರಿ ನಡೀತಿದೆ ಅಂದ್ರು, ನಂಬೋರು ನಂಬಬಹುದು. 2023ಕ್ಕೆ ಒಪ್ಪಂದದ ಅವಧಿಯೇ ಮುಗೀತು. 2025ರ ಆಗಸ್ಟ್‌ನಲ್ಲಿ ಅವರ ವಿದೇಶಾಂಗ ಸಚಿವರು ದಿಲ್ಲಿಗೆ ಬಂದಾಗ ತುರ್ತು ಪರಿಸ್ಥಿತೀಲಿ ಮಾನವೀಯತೆ ಮೇಲೆ ಕೊಡ್ತೀವಿ ಅನ್ನೋ ಮಾತಾಗಿದೆ. ಅದೇ ತಿಂಗಳು ಜಮ್ಮುವಿನ ತಾವಿ ನದಿ ಉಕ್ಕಿದಾಗ ಭಾರತ ಪಾಕಿಸ್ತಾನಕ್ಕೆ ಎಚ್ಚರಿಕೆ ಕೊಟ್ಟಿತು, ಸಿಂಧೂ ಆಯೋಗದ ಮೂಲಕ ಅಲ್ಲ (ಸಿಂಧೂ ನೀರಿನ ಒಪ್ಪಂದವನ್ನ ಭಾರತ ಏಪ್ರಿಲ್‌ನಲ್ಲೇ ತಡೆಹಿಡಿದಿತ್ತಲ್ಲ), ಇಸ್ಲಾಮಾಬಾದ್‌ನ ಹೈಕಮಿಷನ್ ಮೂಲಕ. ಅದೂ ಮಾನವೀಯತೆ ಮೇಲೆ. ಈ ಪದ ಕಂಡರೆ ನನಗೆ ಭಯ ಆಗುತ್ತೆ, ಯಾಕಂದ್ರೆ ಮಾನವೀಯತೆಗೆ ವೇಳಾಪಟ್ಟಿ ಇರಲ್ಲ. ದಿನಾ ಬೆಳಗ್ಗೆ ಲೆಕ್ಕ ಕಳಿಸೋ ಗುಮಾಸ್ತನಿಗೆ ಇರುತ್ತೆ.

ನೇಪಾಳದ್ದು ಬೇರೆ ಥರ, ಅಲ್ಲಿ ಸಮಸ್ಯೆ ಲೆಕ್ಕದ್ದಲ್ಲ, ಹೊಣೆಯದ್ದು. ಕೋಸಿ ಬ್ಯಾರೇಜ್ ನಿಂತಿರೋದು ನೇಪಾಳದ ನೆಲದಲ್ಲಿ, 1954ರ ಒಪ್ಪಂದದ ಪ್ರಕಾರ ನೋಡ್ಕೊಳ್ಳೋದು ಬಿಹಾರದ ಜಲಸಂಪನ್ಮೂಲ ಇಲಾಖೆ. 2008ರ ಆಗಸ್ಟ್ 18ಕ್ಕೆ ಕುಸಹಾ ಅನ್ನೋ ಕಡೆ ಒಡ್ಡು ಒಡೆದಾಗ ನದೀಲಿದ್ದ ನೀರು ಎರಡು ಲಕ್ಷ ಕ್ಯುಸೆಕ್ಕೂ ಇರ್ಲಿಲ್ಲ, ಒಡ್ಡು ಕಟ್ಟಿದ್ದು ಒಂಬತ್ತೂವರೆ ಲಕ್ಷಕ್ಕೆ. ಯಾವ ಮುನ್ಸೂಚನಾ ಕೇಂದ್ರ ಅದನ್ನ ಹೇಳೋಕಾಗ್ತಿತ್ತು? ಒಡ್ಡು ರಿಪೇರಿ ಮಾಡ್ಬೇಕಾದವ್ರು ಮಾಡ್ಲಿಲ್ಲ, ಮಾಡೋಕೆ ಬಿಡ್ಲಿಲ್ಲ ಅಂತ ಬಿಹಾರದವ್ರು, ಬಂದೇ ಇಲ್ಲ ಅಂತ ನೇಪಾಳದವ್ರು. ಬಿಹಾರದಲ್ಲಿ ಮೂವತ್ತು ಲಕ್ಷ ಜನ ನೀರಲ್ಲಿ. ಅದೇ 2024ರ ಸೆಪ್ಟೆಂಬರ್ ಕೊನೇಲಿ ನೇಪಾಳದಲ್ಲಿ ಭಯಂಕರ ಮಳೆಯಾಗಿ ಬ್ಯಾರೇಜಿಗೆ 6.61 ಲಕ್ಷ ಕ್ಯುಸೆಕ್ ಬಂತು, 1968ರಿಂದ ಈಚೆಗೆ ಅಷ್ಟು ಬಂದಿರ್ಲಿಲ್ಲ, ಮಳೆ ಬರುತ್ತೆ ಅಂತ ಎರಡು ದೇಶದ ಹವಾಮಾನದವರೂ ಮೊದಲೇ ಹೇಳಿದ್ರು, 56 ಗೇಟೂ ತೆಗೆದ್ರು. ಒಡ್ಡುಗಳು ಆಗಲೂ ಕೆಲವು ಕಡೆ ಒಡೆದವು, ಆದ್ರೆ 2008ರಂಥದ್ದು ಆಗ್ಲಿಲ್ಲ.

ಕೋಡ್_ಕೆಂಪಣ್ಣ:

ಸರಿ ಸರಿ, ಗೇಟ್ ಆಪರೇಟರ್ ಪಾಯಿಂಟ್ ಸಖತ್ತಾಗಿದೆ. ಆದ್ರೂ ಒಂದ್ ಡೌಟು, ಎಚ್ಚರಿಕೆ ಕೊಟ್ರೂ ಏನಾಗುತ್ತೆ? 2025 ನವೆಂಬರ್‌ನಲ್ಲಿ ದಿತ್ವಾ ಚಂಡಮಾರುತ ಬಂದಾಗ ಶ್ರೀಲಂಕಾಗೆ ದಿಲ್ಲಿಯಿಂದ ಬುಲೆಟಿನ್ ಹೋಗ್ತಾನೇ ಇತ್ತಲ್ಲ, 600ಕ್ಕಿಂತ ಜಾಸ್ತಿ ಜನ ಹೋದ್ರು.

ಗಲ್ಫ್_ಕುಂದಾಪ್ರ:

ಅಲ್ಲಿ ಜನ ಹೆಚ್ಚು ಸತ್ತದ್ದು ಗಾಳಿಗಲ್ಲ, ಗುಡ್ಡ ಜರಿದು ಮತ್ತೆ ನೆರೆಗೆ. ಚಂಡಮಾರುತ ಎಲ್ಲಿದೆ ಅಂತ ದಿಲ್ಲಿ ಹೇಳಬಹುದು, ಕ್ಯಾಂಡಿಯ ಯಾವ ಗುಡ್ಡದ ಬುಡದಲ್ಲಿ ಯಾರ ಮನೆ ಉಂಟು ಅಂತ ಆ ಊರಿನವರಿಗೇ ಗೊತ್ತಿರ್ಬೇಕು. ನಮ್ಮ ಶಿರಾಡಿ, ಮಡಿಕೇರಿ ಕಡೆ ಎಂತ ಕಥೆ ಅಂತ ನಾನು ಹೇಳ್ಬೇಕಾ?

ಗೇಜ್_ಪೋಸ್ಟ್:

ಕೃಷ್ಣಾ ದಂಡಿಯವರೇ, ಗಂಗಾ ಕಡೆ ಜನಕ್ಕೆ ಏನೂ ಕಾಣಲ್ಲ ಅಂತಲ್ಲ. ಹರಿವಿನ ಪ್ರಮಾಣ ಗೋಪ್ಯ, ಮಟ್ಟ ಗೋಪ್ಯ ಅಲ್ಲ. ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆ ಸೈಟ್‌ನಲ್ಲಿ ಮಳೆಗಾಲದಲ್ಲಿ ಮಟ್ಟ, ಅಪಾಯದ ಗೆರೆ ಎರಡೂ ಸಿಗುತ್ತೆ. ಬಾಂಗ್ಲಾದ ಪ್ರವಾಹ ಕೇಂದ್ರದ ಸೈಟ್ ಅದಕ್ಕಿಂತ ಚೆನ್ನಾಗಿದೆ, ಇಂಗ್ಲಿಷ್ ಇದೆ, ಬಂಗಾಳಿ ಬರಬೇಕಾಗಿಲ್ಲ. ಮುಂದಿನ ಜುಲೈನಲ್ಲಿ ಇರ್ವಿನ್ ಸೇತುವೆ ನೋಡೋ ಹೊತ್ತಲ್ಲೇ ಒಂದ್ಸಲ ಅಸ್ಸಾಮಿನ ಧುಬ್ರಿ ಮಟ್ಟ ನೋಡಿ, ಆಮೇಲೆ ಗಡಿ ಆಚೆಗೆ ಹೋಗಿ ನೂನ್‌ಖಾವಾ, ಅದಾದ್ಮೇಲೆ ಬಹದ್ದೂರಾಬಾದ್. ಅದೇ ನೀರು ಇಳ್ಕೊಂಡು ಹೋಗೋದು ಸಾಲಾಗಿ ಕಾಣುತ್ತೆ.

ಕೃಷ್ಣಾ_ದಂಡಿ:

ಈಗ ತೆಗದು ನೋಡಿದ್ನಿರಿ, ಧುಬ್ರಿ ಸಿಕ್ತು. ನೂನ್‌ಖಾವಾ ಪಟ್ಟಿಯಾಗ ಎಲ್ಲೆ ಬರ್ತೈತಿ, ಬ್ರಹ್ಮಪುತ್ರಾ ಅಂತ ಹುಡಕ್ಲೋ ಜಮುನಾ ಅಂತ ಹುಡಕ್ಲೋ?

ಗೇಜ್_ಪೋಸ್ಟ್:

ಬ್ರಹ್ಮಪುತ್ರಾ ಕೊಳ್ಳದ ಕೆಳಗೆ ನೋಡಿ. ಬಹದ್ದೂರಾಬಾದ್ ಜಮುನಾ ಅಂತ ಇರುತ್ತೆ, ಎರಡೂ ಒಂದೇ ನದಿ.